ಅಂತರರಾಷ್ಟ್ರೀಯ ಸೀಳುತುಟಿ ಶಸ್ತ್ರಚಿಕಿತ್ಸಾ ಶಿಬಿರಗಳು

ಅಂತರರಾಷ್ಟ್ರೀಯ ಸೀಳುತುಟಿ ಶಸ್ತ್ರಚಿಕಿತ್ಸಾ ಶಿಬಿರಗಳು ಎಂದರೆ, ಒಂದು ದೇಶದ ವೈದ್ಯರು, ಅರಿವಳಿಕೆ ತಜ್ಞರು ಮತ್ತು ದಾದಿಯರು ಸ್ವಯಂಸೇವಕರಾಗಿ ಬೇರೊಂದು ದೇಶಕ್ಕೆ ತೆರಳಿ, ಹುಟ್ಟಿನಿಂದಲೇ ತುಟಿ ಅಥವಾ ಅಂಗುಳ ಸೀಳಿರುವ ಬಡ ರೋಗಿಗಳಿಗೆ ಶುಲ್ಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸುವ ಅಲ್ಪಾವಧಿಯ ಕಾರ್ಯಕ್ರಮಗಳು. ಸಾಮಾನ್ಯವಾಗಿ ಒಂದರಿಂದ ಎರಡು ವಾರ ನಡೆಯುವ ಈ ಶಿಬಿರಗಳು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸಂಘಟಿತ ರೂಪ ಪಡೆದವು. ಇಂಟರ್‌ಪ್ಲಾಸ್ಟ್ ಮತ್ತು ಆಪರೇಷನ್ ಸ್ಮೈಲ್ ಈ ಕ್ಷೇತ್ರದ ಮೊದಲ ದೊಡ್ಡ ಸಂಸ್ಥೆಗಳು. ಶಿಬಿರಗಳ ಬದಲು ಸ್ಥಳೀಯ ವೈದ್ಯರಿಗೇ ತರಬೇತಿ ಮತ್ತು ಹಣ ನೀಡಬೇಕೆಂಬ ನಿಲುವಿನಿಂದ 1999ರಲ್ಲಿ ಸ್ಮೈಲ್ ಟ್ರೈನ್ ಹುಟ್ಟಿಕೊಂಡಿತು.

ಈ ಎರಡು ಮಾರ್ಗಗಳ ನಡುವಿನ ಚರ್ಚೆ ಕೇವಲ ಹಣಕಾಸಿನದಲ್ಲ. ಸೀಳುತುಟಿಯ ಚಿಕಿತ್ಸೆ ಬಹುತೇಕ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದು. ಸೀಳು ಅಂಗುಳದ ಚಿಕಿತ್ಸೆ ಹಾಗೆ ಮುಗಿಯುವುದಿಲ್ಲ. ಬಂದು ಹೋಗುವ ತಂಡವೊಂದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದು ಹೆಚ್ಚಾಗಿ ಈ ವ್ಯತ್ಯಾಸವನ್ನೇ ಅವಲಂಬಿಸಿದೆ.

ಸೀಳುತುಟಿ ಮತ್ತು ಸೀಳು ಅಂಗುಳ

ಗರ್ಭದಲ್ಲಿ ಶಿಶುವಿನ ಮುಖ ಹಲವು ಭಾಗಗಳಾಗಿ ಬೆಳೆದು ನಡುವೆ ಕೂಡಿಕೊಳ್ಳುತ್ತದೆ. ಮೇಲ್ದುಟಿ ಸುಮಾರು ನಾಲ್ಕರಿಂದ ಏಳನೆಯ ವಾರದೊಳಗೆ ಕೂಡುತ್ತದೆ. ಬಾಯಿಯ ಮೇಲ್ಛಾವಣಿಯಾದ ಅಂಗುಳ ಕೂಡುವುದು ಅದರ ನಂತರದ ವಾರಗಳಲ್ಲಿ. ಈ ಕೂಡುವಿಕೆ ಅಪೂರ್ಣವಾದರೆ ಸೀಳು ಉಳಿಯುತ್ತದೆ. ಅದು ತುಟಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚಿನಂತಿರಬಹುದು, ಇಲ್ಲವೇ ಮೂಗಿನ ಹೊಳ್ಳೆಯಿಂದ ಕಿರುನಾಲಿಗೆಯವರೆಗೂ ಚಾಚಿರಬಹುದು. ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಇಂಥ ಸೀಳು ಇರುತ್ತದೆ ಎಂಬ ಅಂದಾಜನ್ನು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಆನುವಂಶಿಕ ಅಂಶಗಳು, ಗರ್ಭಿಣಿಯ ಆಹಾರದಲ್ಲಿನ ಕೊರತೆ, ಧೂಮಪಾನ ಮತ್ತು ಅಪಸ್ಮಾರಕ್ಕೆ ನೀಡುವ ಕೆಲವು ಔಷಧಗಳು ಇದಕ್ಕೆ ಸಂಬಂಧಿಸಿದ ಕಾರಣಗಳೆಂದು ಗುರುತಿಸಲಾಗಿದೆ. ಆದರೆ ಒಂದು ನಿರ್ದಿಷ್ಟ ಮಗುವಿನಲ್ಲಿ ಇಂಥದ್ದೇ ಕಾರಣವೆಂದು ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಾಗುವುದಿಲ್ಲ.

ಜನಪದ ನಂಬಿಕೆಗಳಲ್ಲಿ ಮಾತ್ರ ಕಾರಣ ಸ್ಪಷ್ಟವಾಗಿದೆ. ಗ್ರಹಣ ಕಾಲದಲ್ಲಿ ಗರ್ಭಿಣಿ ಹೊರಗೆ ಬಂದರೆ ಅಥವಾ ಏನನ್ನಾದರೂ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಮಾತು ಕರ್ನಾಟಕದ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಕೇಳಿಬರುತ್ತದೆ. ಇದೇ ನಂಬಿಕೆ ಸಾವಿರಾರು ಮೈಲು ದೂರದ ಮೆಕ್ಸಿಕೋದಲ್ಲಿಯೂ ಇದೆ. ಅಲ್ಲಿ ಗ್ರಹಣದ ಹೊತ್ತಿಗೆ ಗರ್ಭಿಣಿಯರು ಹೊಟ್ಟೆಯ ಬಳಿ ಲೋಹದ ಪಿನ್ನನ್ನೋ ಕೀಲಿಕೈಯನ್ನೋ ಇರಿಸಿಕೊಳ್ಳುವ ಪದ್ಧತಿಯಿದೆ. ಇಂಥ ನಂಬಿಕೆಗಳ ಪರಿಣಾಮವಾಗಿ ದೋಷ ತಾಯಿಯ ಮೇಲೆ ಬೀಳುತ್ತದೆ. ಮಗುವನ್ನು ಮನೆಯೊಳಗೇ ಇರಿಸುವುದು, ಶಾಲೆಗೆ ಕಳುಹಿಸದಿರುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ.

ವೈದ್ಯಕೀಯವಾಗಿ ಮೊದಲ ಅಪಾಯ ಹಸಿವು. ಅಂಗುಳ ಸೀಳಿರುವ ಶಿಶುವಿನ ಬಾಯಿಯಲ್ಲಿ ಹಾಲು ಚೀಪಲು ಬೇಕಾದ ಎಳೆತ ಉಂಟಾಗುವುದಿಲ್ಲ. ಹಾಲು ಮೂಗಿನಿಂದ ಹೊರಬರುತ್ತದೆ. ತಾಯಿ ಹಾಲನ್ನು ಹಿಂಡಿ ಚಮಚದಿಂದಲೋ ಒಳಲೆಯಿಂದಲೋ ನಿಧಾನವಾಗಿ ಕುಡಿಸುವ ಕ್ರಮವನ್ನು ಯಾರಾದರೂ ಮೊದಲ ದಿನಗಳಲ್ಲೇ ಕಲಿಸಿಕೊಟ್ಟರೆ ಹೆಚ್ಚಿನ ಶಿಶುಗಳು ಚೆನ್ನಾಗಿಯೇ ಬೆಳೆಯುತ್ತವೆ. ಕಲಿಸುವವರಿಲ್ಲದ ಕಡೆ ಅಪೌಷ್ಟಿಕತೆಯಿಂದ ಮಗು ಶಸ್ತ್ರಚಿಕಿತ್ಸೆಯ ವಯಸ್ಸನ್ನೇ ಮುಟ್ಟದಿರಬಹುದು. ಇದಲ್ಲದೆ ಕಿವಿಯ ಒಳಭಾಗದಲ್ಲಿ ದ್ರವ ತುಂಬಿಕೊಂಡು ಶ್ರವಣ ಕುಂದುವುದೂ ಇಂಥ ಮಕ್ಕಳಲ್ಲಿ ಸಾಮಾನ್ಯ.

ಇತಿಹಾಸ

ಇಂದು ಬಹಳಷ್ಟು ಶಸ್ತ್ರಚಿಕಿತ್ಸಕರು ಬಳಸುವ ತುಟಿ ಜೋಡಣೆಯ ವಿಧಾನಕ್ಕೂ ಹೊರದೇಶದ ಸೇವೆಗೂ ಒಂದು ಸಂಬಂಧವಿದೆ. ಅಮೆರಿಕದ ಶಸ್ತ್ರಚಿಕಿತ್ಸಕ ರಾಲ್ಫ್ ಮಿಲಾರ್ಡ್ ಅವರು ಸೇನಾ ವೈದ್ಯರಾಗಿ ಕೊರಿಯಾದಲ್ಲಿದ್ದಾಗ, ಅಲ್ಲಿ ಚಿಕಿತ್ಸೆಯಿಲ್ಲದೆ ಬೆಳೆದ ಸೀಳುತುಟಿಯ ರೋಗಿಗಳನ್ನು ನೋಡಿ ತಮ್ಮ ವಿಧಾನವನ್ನು ರೂಪಿಸಿದರು. ಸೀಳಿನ ಒಂದು ಬದಿಯ ಅಂಗಾಂಶವನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯದನ್ನು ಮುಂದಕ್ಕೆ ಸರಿಸಿ ಹೊಲಿಯುವ ಈ ಕ್ರಮವನ್ನು ಅವರು 1955ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಪ್ಲಾಸ್ಟಿಕ್ ಸರ್ಜರಿ ಸಮ್ಮೇಳನದಲ್ಲಿ ಮಂಡಿಸಿದರು. ಹೊಲಿಗೆಯ ಗುರುತು ತುಟಿಯ ಸಹಜ ಗೆರೆಯಲ್ಲಿಯೇ ಅಡಗುವುದು ಇದರ ಹೆಚ್ಚುಗಾರಿಕೆ.

ಸಂಘಟಿತ ಶಿಬಿರಗಳ ಆರಂಭವನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಗುರುತಿಸಬಹುದು. 1960ರ ದಶಕದ ಮಧ್ಯದಲ್ಲಿ ಮೆಕ್ಸಿಕೋದ ಹದಿಹರೆಯದ ಬಾಲಕನೊಬ್ಬನನ್ನು ತುಟಿಯ ಶಸ್ತ್ರಚಿಕಿತ್ಸೆಗಾಗಿ ಅಲ್ಲಿಗೆ ಕರೆತರಲಾಯಿತು. ಅಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದ ಡೊನಾಲ್ಡ್ ಲಾಬ್ ಅವರಿಗೆ, ಒಬ್ಬೊಬ್ಬ ರೋಗಿಯನ್ನು ಅಮೆರಿಕಕ್ಕೆ ಕರೆತರುವುದಕ್ಕಿಂತ ವೈದ್ಯರ ತಂಡವೇ ಗಡಿ ದಾಟಿ ಹೋಗುವುದು ಸುಲಭವೆಂದು ತೋರಿತು. ಅವರು 1969ರಲ್ಲಿ ಸ್ಥಾಪಿಸಿದ ಇಂಟರ್‌ಪ್ಲಾಸ್ಟ್ ಸಂಸ್ಥೆ ಮೆಕ್ಸಿಕೋದಿಂದ ಆರಂಭಿಸಿ ಅನೇಕ ದೇಶಗಳಿಗೆ ತಂಡಗಳನ್ನು ಕಳುಹಿಸಿತು. 2010ರಲ್ಲಿ ಅದು ರೀಸರ್ಜ್ ಇಂಟರ್‌ನ್ಯಾಷನಲ್ ಎಂಬ ಹೆಸರು ತಳೆಯಿತು.

1982ರಲ್ಲಿ ವರ್ಜೀನಿಯಾದ ಪ್ಲಾಸ್ಟಿಕ್ ಸರ್ಜನ್ ವಿಲಿಯಂ ಮೆಗೀ ಮತ್ತು ದಾದಿಯೂ ಸಮಾಜಕಾರ್ಯಕರ್ತೆಯೂ ಆಗಿದ್ದ ಅವರ ಪತ್ನಿ ಕ್ಯಾಥ್ಲೀನ್ ಮೆಗೀ ವೈದ್ಯರ ತಂಡವೊಂದರ ಜೊತೆ ಫಿಲಿಪೀನ್ಸ್‌ನ ನಾಗಾ ನಗರಕ್ಕೆ ಹೋದರು. ಸುಮಾರು 40 ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ಶಿಬಿರದ ಸುದ್ದಿ ಕೇಳಿ ಬಂದ ಇನ್ನೂ ನೂರಾರು ಕುಟುಂಬಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆಪರೇಷನ್ ಸ್ಮೈಲ್ ಸಂಸ್ಥೆಯ ಹುಟ್ಟಿಗೆ ಈ ಘಟನೆಯೇ ಕಾರಣವೆಂದು ಸಂಸ್ಥೆ ಹೇಳಿಕೊಳ್ಳುತ್ತದೆ. ಹಿಂದಿರುಗಿ ಹೋದವರ ಸಂಖ್ಯೆ ಚಿಕಿತ್ಸೆ ಪಡೆದವರ ಸಂಖ್ಯೆಗಿಂತ ಹಲವು ಪಟ್ಟು ದೊಡ್ಡದಿತ್ತು ಎಂಬುದು ಗಮನಾರ್ಹ. ಮುಂದಿನ ದಶಕಗಳಲ್ಲಿ ಶಿಬಿರಗಳ ಬಗ್ಗೆ ಎದ್ದ ಪ್ರಶ್ನೆಗಳೆಲ್ಲವೂ ಒಂದು ರೀತಿಯಲ್ಲಿ ಆ ಸಾಲಿನಲ್ಲೇ ಇದ್ದವು.

ಇದೇ ಅವಧಿಯಲ್ಲಿ ಬೇರೆ ರೋಗಗಳಿಗಾಗಿಯೂ ಇಂಥ ಪ್ರಯತ್ನಗಳು ನಡೆದವು. 1978ರಲ್ಲಿ ಸ್ಥಾಪನೆಯಾದ ಮರ್ಸಿ ಶಿಪ್ಸ್ ಹಡಗನ್ನೇ ಆಸ್ಪತ್ರೆಯಾಗಿಸಿತು. ಆರ್ಬಿಸ್ ಸಂಸ್ಥೆ 1982ರಿಂದ ವಿಮಾನದೊಳಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮತ್ತು ತರಬೇತಿ ನಡೆಸುತ್ತಿದೆ.

ಶಿಬಿರ ನಡೆಯುವ ಬಗೆ

ಶಿಬಿರಕ್ಕೆ ತಿಂಗಳುಗಳ ಮೊದಲೇ ಆತಿಥೇಯ ದೇಶದ ಆರೋಗ್ಯ ಇಲಾಖೆಯ ಒಪ್ಪಿಗೆ, ಹೊರಗಿನ ವೈದ್ಯರಿಗೆ ತಾತ್ಕಾಲಿಕ ಪರವಾನಗಿ, ಔಷಧ ಮತ್ತು ಉಪಕರಣಗಳ ಸುಂಕ ವಿನಾಯಿತಿ ಮೊದಲಾದ ಕಾಗದಪತ್ರಗಳ ಕೆಲಸ ನಡೆಯುತ್ತದೆ. ರೇಡಿಯೋ, ಆರೋಗ್ಯ ಕಾರ್ಯಕರ್ತರು, ಧಾರ್ಮಿಕ ಕೇಂದ್ರಗಳ ಮೂಲಕ ಸುದ್ದಿ ಹಬ್ಬುತ್ತದೆ. ದೂರದ ಹಳ್ಳಿಗಳಿಂದ ಬರುವವರಿಗೆ ಬಸ್ಸಿನ ಖರ್ಚು, ಊಟ, ವಸತಿಗಳನ್ನು ಸಂಸ್ಥೆಯೇ ಭರಿಸುವುದುಂಟು. ಇಲ್ಲದಿದ್ದರೆ ‘ಉಚಿತ’ ಎಂಬ ಮಾತಿಗೆ ಅರ್ಥವಿರುವುದಿಲ್ಲ: ದಿನಗೂಲಿಯ ಕುಟುಂಬಕ್ಕೆ ಒಂದು ವಾರದ ದುಡಿಮೆ ತಪ್ಪುವುದೇ ದೊಡ್ಡ ವೆಚ್ಚ.

ತಂಡದಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ದಾದಿಯರು, ದಂತವೈದ್ಯರು, ವಾಕ್ ಚಿಕಿತ್ಸಕರು, ಉಪಕರಣ ದುರಸ್ತಿ ಮಾಡುವ ತಂತ್ರಜ್ಞರು ಮತ್ತು ದಾಖಲೆ ಬರೆಯುವವರು ಇರುತ್ತಾರೆ. ಮೊದಲ ಒಂದೆರಡು ದಿನ ತಪಾಸಣೆಗೆ ಮೀಸಲು. ತುಟಿಯ ಶಸ್ತ್ರಚಿಕಿತ್ಸೆಗೆ ಮಗುವಿಗೆ ಕನಿಷ್ಠ 10 ವಾರ ವಯಸ್ಸು, 10 ಪೌಂಡ್ ತೂಕ ಮತ್ತು ರಕ್ತದಲ್ಲಿ 10 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬ ಹಳೆಯ ಸೂತ್ರವೊಂದು ಇಂದಿಗೂ ಪ್ರಚಲಿತದಲ್ಲಿದೆ. ರಕ್ತಹೀನತೆ, ಅಪೌಷ್ಟಿಕತೆ, ಹೃದಯದ ದೋಷ ಇರುವ ಮಕ್ಕಳನ್ನು ಕೈಬಿಡಲಾಗುತ್ತದೆ. ಆ ದಿನ ನೆಗಡಿ ಕೆಮ್ಮು ಇದ್ದರೂ ಸಾಕು, ಅರಿವಳಿಕೆಯಲ್ಲಿ ಉಸಿರಾಟದ ತೊಂದರೆಯ ಭಯದಿಂದ ಮಗುವನ್ನು ಮುಂದಿನ ಬಾರಿಗೆ ಬರಹೇಳುತ್ತಾರೆ. ಊರಿನ ಆಸ್ಪತ್ರೆಯಲ್ಲಾದರೆ ‘ಮುಂದಿನ ಬಾರಿ’ ಎಂದರೆ ಎರಡು ವಾರದ ನಂತರ. ಶಿಬಿರದಲ್ಲಿ ಅದು ಮುಂದಿನ ವರ್ಷವಾಗಬಹುದು, ಆಗದೆಯೂ ಇರಬಹುದು.

ಉಳಿದ ದಿನಗಳಲ್ಲಿ ಹಲವು ಮೇಜುಗಳ ಮೇಲೆ ಏಕಕಾಲಕ್ಕೆ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ತುಟಿಯ ಶಸ್ತ್ರಚಿಕಿತ್ಸೆಗೆ ಒಂದು ಗಂಟೆಯ ಆಸುಪಾಸು ಸಾಕಾಗುತ್ತದೆ. ಅಂಗುಳಕ್ಕೆ ಹೆಚ್ಚು ಸಮಯ ಬೇಕು, ರಕ್ತಸ್ರಾವದ ಮತ್ತು ಉಸಿರುಕಟ್ಟುವ ಅಪಾಯವೂ ಹೆಚ್ಚು. ಹಾಗಾಗಿ ಅಂಗುಳದ ರೋಗಿಗಳನ್ನು ಶಿಬಿರದ ಮೊದಲ ದಿನಗಳಲ್ಲೇ ಮುಗಿಸಿ, ತಂಡ ಹೊರಡುವ ಮುನ್ನ ಕೆಲವು ದಿನವಾದರೂ ಅವರನ್ನು ಗಮನಿಸುವುದು ಒಳ್ಳೆಯ ಪದ್ಧತಿಯೆಂದು ಪರಿಗಣಿತವಾಗಿದೆ.

ಶಿಬಿರದ ಮಿತಿ

ಹೊಲಿದ ತುಟಿ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಮುಖದ ರೂಪ ಬದಲಾಗುತ್ತದೆ, ಮಗು ಶಾಲೆಗೆ ಹೋಗಬಲ್ಲದು. ಮುಂದೆ ಮೂಗಿನ ಅಥವಾ ಗಾಯದ ಗುರುತಿನ ತಿದ್ದುಪಡಿ ಬೇಕಾದರೂ, ಅದು ಆಗದಿದ್ದರೂ ಪಡೆದ ಲಾಭ ಉಳಿಯುತ್ತದೆ. ಈ ದೃಷ್ಟಿಯಿಂದ ತುಟಿಯ ಶಸ್ತ್ರಚಿಕಿತ್ಸೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಹೋಲುತ್ತದೆ. ಕರ್ನಾಟಕದ ನೇತ್ರತಜ್ಞ ಎಂ. ಸಿ. ಮೋದಿ ಅವರು ಊರೂರು ತಿರುಗಿ ನಡೆಸಿದ ಕಣ್ಣಿನ ಶಿಬಿರಗಳು ಅಷ್ಟು ಫಲಪ್ರದವಾದುದಕ್ಕೆ ಅವರ ಕೈಚಳಕ ಒಂದು ಕಾರಣವಾದರೆ, ಪೊರೆ ತೆಗೆಯುವುದು ಒಂದು ಸಲಕ್ಕೆ ಮುಗಿಯುವ ಕೆಲಸವಾಗಿದ್ದುದು ಇನ್ನೊಂದು ಕಾರಣ.

ಅಂಗುಳದ ಉದ್ದೇಶ ಬೇರೆ. ಅಲ್ಲಿ ರಂಧ್ರವನ್ನು ಮುಚ್ಚುವುದು ಸಾಧನವಷ್ಟೆ, ಗುರಿ ಮಾತು. ‘ಪ’, ‘ಬ’, ‘ಕ’, ‘ಗ’, ‘ಚ’, ‘ಸ’ ಮುಂತಾದ ಧ್ವನಿಗಳನ್ನು ಉಚ್ಚರಿಸುವಾಗ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಆಗ ಮಾತ್ರ ಬಾಯಿಯಲ್ಲಿ ಗಾಳಿಯ ಒತ್ತಡ ಉಂಟಾಗುತ್ತದೆ. ಅಂಗುಳ ತೆರೆದಿದ್ದರೆ ಗಾಳಿ ಮೂಗಿನಿಂದ ಸೋರುತ್ತದೆ. ಕನ್ನಡ ಮಾತನಾಡುವ ಮಗು ‘ಅಪ್ಪ’ ಎಂದರೂ ಕೇಳುವವರಿಗೆ ಅದು ‘ಅಮ್ಮ’ ಎಂಬಂತೆ ಕೇಳಿಸಬಹುದು. ಮಗು ಈ ಕೊರತೆಯನ್ನು ತುಂಬಲು ಗಂಟಲಿನಲ್ಲಿಯೇ ಧ್ವನಿಯನ್ನು ತಡೆದು ಬಿಡುವ ಅಭ್ಯಾಸ ಮಾಡಿಕೊಳ್ಳುತ್ತದೆ. ಆದ್ದರಿಂದ ಮಾತು ಕಲಿಯುವ ಮೊದಲು, ಅಂದರೆ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ, ಅಂಗುಳವನ್ನು ಮುಚ್ಚುವುದು ಸೂಕ್ತ. ಶಿಬಿರಗಳಿಗೆ ಬರುವ ರೋಗಿಗಳಲ್ಲಿ ಅನೇಕರು ಆ ವಯಸ್ಸನ್ನು ಎಂದೋ ದಾಟಿರುತ್ತಾರೆ. ಎಂಟು ವರ್ಷದ ಮಗುವಿನ ಅಂಗುಳವನ್ನು ಎಷ್ಟೇ ಚೆನ್ನಾಗಿ ಹೊಲಿದರೂ ಬೇರೂರಿದ ಉಚ್ಚಾರಣೆ ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ವಾಕ್ ಚಿಕಿತ್ಸೆ ಬೇಕು, ಅದೂ ಮಗುವಿನ ಭಾಷೆ ಬಲ್ಲವರಿಂದ.

ಇನ್ನೊಂದು ತೊಡಕು, ಹೊಲಿಗೆ ಬಿಟ್ಟು ಅಂಗುಳದಲ್ಲಿ ಮತ್ತೆ ರಂಧ್ರ ಉಂಟಾಗುವುದು. ಈಕ್ವೆಡಾರ್‌ನ ಶಿಬಿರಗಳಲ್ಲಿ ಅಂಗುಳದ ಶಸ್ತ್ರಚಿಕಿತ್ಸೆಯಾದವರನ್ನು ಅಮೆರಿಕದ ಒಂದು ತಜ್ಞ ಕೇಂದ್ರದ ರೋಗಿಗಳೊಂದಿಗೆ ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಬಿರದ ರೋಗಿಗಳಲ್ಲಿ ಇಂಥ ರಂಧ್ರಗಳ ಪ್ರಮಾಣ ಹಲವು ಪಟ್ಟು ಹೆಚ್ಚಿರುವುದು ಕಂಡುಬಂದಿತು. ಇಂಥ ಅಧ್ಯಯನಗಳೇ ವಿರಳ. ರೋಗಿಯನ್ನು ಮತ್ತೆ ಹುಡುಕಿ ನೋಡಿದರೆ ಮಾತ್ರ ಫಲಿತಾಂಶ ತಿಳಿಯುತ್ತದೆ, ಶಿಬಿರದ ಸ್ವರೂಪವೇ ಅದಕ್ಕೆ ಅಡ್ಡಿ. ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಎದ್ದು ಕಾಣುವಷ್ಟು ಮಾತು ಸುಧಾರಿಸಿದವರ ಸಂಖ್ಯೆ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಇದರ ನಂತರವೂ ಚಿಕಿತ್ಸೆ ಮುಗಿಯುವುದಿಲ್ಲ. ಸೀಳು ವಸಡಿನವರೆಗೆ ಇದ್ದರೆ ಎಂಟು–ಹತ್ತು ವರ್ಷದ ಹೊತ್ತಿಗೆ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಅಲ್ಲಿ ತುಂಬಬೇಕು, ಹಲ್ಲುಗಳನ್ನು ಸಾಲುಗೂಡಿಸಬೇಕು. ಕೆಲವರಿಗೆ ಬೆಳವಣಿಗೆ ನಿಂತ ಮೇಲೆ ದವಡೆಯ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಸುರಕ್ಷತೆ ಮತ್ತು ಟೀಕೆ

1999ರಲ್ಲಿ ಆಪರೇಷನ್ ಸ್ಮೈಲ್ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳಿಗೆ ಶಸ್ತ್ರಚಿಕಿತ್ಸೆ ನಡೆಸುವ ಬೃಹತ್ ಅಭಿಯಾನವೊಂದನ್ನು ಕೈಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಸಂಸ್ಥೆಯ ಶಿಬಿರಗಳಲ್ಲಿನ ಸುರಕ್ಷತೆಯನ್ನೂ ಸಂಖ್ಯೆಗೆ ನೀಡುವ ಮಹತ್ವವನ್ನೂ ಪ್ರಶ್ನಿಸುವ ವರದಿಯನ್ನು ಪ್ರಕಟಿಸಿತು. ಸಂಸ್ಥೆ ಮುಂದೆ, 2006ರಲ್ಲಿ, ಉಪಕರಣ, ಸಿಬ್ಬಂದಿಯ ಅರ್ಹತೆ, ಅರಿವಳಿಕೆ ಮತ್ತು ನಂತರದ ಆರೈಕೆಗಳಿಗೆ ಸಂಬಂಧಿಸಿದಂತೆ 14 ಮಾನದಂಡಗಳನ್ನು ಅಳವಡಿಸಿಕೊಂಡಿತು. ಶಿಶುಗಳ ಅರಿವಳಿಕೆ ಈ ಕೆಲಸದ ಅತ್ಯಂತ ಸೂಕ್ಷ್ಮ ಭಾಗ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್‌ನಂಥ ಸಣ್ಣ ಉಪಕರಣವೂ ಇಲ್ಲದ ಶಸ್ತ್ರಚಿಕಿತ್ಸಾ ಕೊಠಡಿಗಳು ಬಡ ದೇಶಗಳಲ್ಲಿ ದೀರ್ಘಕಾಲ ಸಾಮಾನ್ಯವಾಗಿದ್ದವು.

ಟೀಕೆಗಳಲ್ಲಿ ನೈತಿಕ ಸ್ವರೂಪದವೂ ಇವೆ. ತರಬೇತಿಯ ಹಂತದಲ್ಲಿರುವ ವೈದ್ಯರು ಸ್ವದೇಶದಲ್ಲಿ ಅನುಮತಿಯಿಲ್ಲದ ಶಸ್ತ್ರಚಿಕಿತ್ಸೆಯನ್ನು ಬಡ ದೇಶದ ಮಕ್ಕಳ ಮೇಲೆ ನಡೆಸಬಾರದು ಎಂಬುದು ಒಂದು. ದುಭಾಷಿಯ ಮೂಲಕ ಆತುರದಲ್ಲಿ ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬುದು ಇನ್ನೊಂದು. ಉಚಿತ ಶಿಬಿರಕ್ಕಾಗಿ ಕಾಯುವ ರೋಗಿಗಳು ಊರಿನ ವೈದ್ಯರ ಬಳಿಗೆ ಹೋಗುವುದಿಲ್ಲ, ಹಾಗಾಗಿ ಸ್ಥಳೀಯರ ಕೌಶಲ ಬೆಳೆಯುವುದಿಲ್ಲ ಎಂಬ ಆಕ್ಷೇಪವನ್ನು ಆತಿಥೇಯ ದೇಶಗಳ ವೈದ್ಯರೇ ಎತ್ತಿದ್ದಾರೆ. ಇದಕ್ಕೆ ಉತ್ತರವಾಗಿ ಶಿಬಿರಗಳ ಪರವಾಗಿ ಹೇಳಲಾಗುವುದು ಸರಳ: ಇಡೀ ದೇಶಕ್ಕೆ ಬೆರಳೆಣಿಕೆಯ ಪ್ಲಾಸ್ಟಿಕ್ ಸರ್ಜನ್‌ಗಳೂ ಇಲ್ಲದ ಕಡೆ, ತರಬೇತಿ ಫಲ ಕೊಡುವ ಹೊತ್ತಿಗೆ ಇಂದಿನ ಮಕ್ಕಳು ದೊಡ್ಡವರಾಗಿರುತ್ತಾರೆ. ಎರಡು ವಾದಗಳೂ ತಮ್ಮ ತಮ್ಮ ಸ್ಥಳಗಳಲ್ಲಿ ಸರಿಯಾಗಿವೆ; ನೈರೋಬಿಗೆ ಹೊಂದುವ ಉತ್ತರ ಶಸ್ತ್ರಚಿಕಿತ್ಸಕರೇ ಇಲ್ಲದ ದ್ವೀಪಕ್ಕೆ ಹೊಂದಬೇಕಾಗಿಲ್ಲ.

ಈ ಚರ್ಚೆಗೆ ವಿಶಾಲ ಹಿನ್ನೆಲೆ ಒದಗಿಸಿದ್ದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗದ 2015ರ ವರದಿ. ವಿಶ್ವದ 500 ಕೋಟಿ ಜನರಿಗೆ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಲಭ್ಯವಿಲ್ಲ. ಪ್ರತಿವರ್ಷ ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳು ನಡೆಯಬೇಕಾಗಿದೆ ಎಂದು ಅದು ಅಂದಾಜಿಸಿತು. ಎಷ್ಟೇ ಶಿಬಿರಗಳು ನಡೆದರೂ ತುಂಬಲಾಗದ ಅಂತರವಿದು.

ಸ್ಥಳೀಯ ವೈದ್ಯರ ಮಾದರಿ

ಆಪರೇಷನ್ ಸ್ಮೈಲ್‌ನೊಂದಿಗೆ ಕೆಲಸ ಮಾಡಿದ್ದ ಜಾಹೀರಾತು ಉದ್ಯಮಿ ಬ್ರಯಾನ್ ಮುಲೇನಿ ಮತ್ತು ಸಾಫ್ಟ್‌ವೇರ್ ಉದ್ಯಮಿ ಚಾರ್ಲ್ಸ್ ವಾಂಗ್ 1999ರಲ್ಲಿ ಸ್ಮೈಲ್ ಟ್ರೈನ್ ಆರಂಭಿಸಿದರು. ಈ ಸಂಸ್ಥೆ ಹೊರಗಿನಿಂದ ತಂಡಗಳನ್ನು ಕಳುಹಿಸುವುದಿಲ್ಲ. ಸ್ಥಳೀಯ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿನ ವೈದ್ಯರಿಗೆ ತರಬೇತಿ ಕೊಟ್ಟು, ನಡೆದ ಶಸ್ತ್ರಚಿಕಿತ್ಸೆಗಳ ವೆಚ್ಚ ಭರಿಸುತ್ತದೆ. ಒಂದು ಶಸ್ತ್ರಚಿಕಿತ್ಸೆಗೆ 250 ಡಾಲರ್ ಎಂಬ ಅದರ ಜಾಹೀರಾತು ಅಮೆರಿಕದ ಪತ್ರಿಕೆಗಳಲ್ಲಿ ಚಿರಪರಿಚಿತವಾಗಿತ್ತು. ಈ ಮಾದರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದಿವೆ. ವೈದ್ಯರು ಊರಿನಲ್ಲೇ ಇರುವುದರಿಂದ ರೋಗಿ ಮತ್ತೆ ಬರಬಹುದು. ಆದರೆ ಶಸ್ತ್ರಚಿಕಿತ್ಸೆಯ ಲೆಕ್ಕದಲ್ಲಿ ಹಣ ಸಿಗುವಾಗ ಸಂಖ್ಯೆ ಹೆಚ್ಚಿಸುವತ್ತ ಗಮನ ಹರಿದು, ವಾಕ್ ಚಿಕಿತ್ಸೆಯಂಥ ನಿಧಾನದ ಕೆಲಸ ಹಿಂದೆ ಬೀಳುವ ಸಾಧ್ಯತೆ ಇಲ್ಲಿಯೂ ಇದೆ. ಸಂಸ್ಥೆ ನಂತರದ ವರ್ಷಗಳಲ್ಲಿ ಪೌಷ್ಟಿಕತೆ, ದಂತ ಚಿಕಿತ್ಸೆ ಮತ್ತು ವಾಕ್ ಚಿಕಿತ್ಸೆಗಳಿಗೂ ನೆರವು ವಿಸ್ತರಿಸಿತು. 2011ರಲ್ಲಿ ಎರಡೂ ಸಂಸ್ಥೆಗಳನ್ನು ವಿಲೀನಗೊಳಿಸುವ ಪ್ರಸ್ತಾಪ ಪ್ರಕಟವಾಗಿ, ಕೆಲವೇ ವಾರಗಳಲ್ಲಿ ಬಿದ್ದುಹೋಯಿತು.

2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ವಿಮಾನ ಸಂಚಾರ ನಿಂತಾಗ ಅಂತರರಾಷ್ಟ್ರೀಯ ಶಿಬಿರಗಳೂ ನಿಂತವು. ಊರಿನ ವೈದ್ಯರನ್ನು ನೆಚ್ಚಿದ ಕೇಂದ್ರಗಳಿಗೆ ಕೆಲಸ ಮತ್ತೆ ಆರಂಭಿಸಲು ವಿಮಾನಗಳಿಗಾಗಿ ಕಾಯಬೇಕಾಗಿರಲಿಲ್ಲ.

ಭಾರತದಲ್ಲಿ

ಭಾರತ ಈ ಎರಡೂ ಮಾದರಿಗಳನ್ನು ಕಂಡಿದೆ. ಸ್ಮೈಲ್ ಟ್ರೈನ್ ಇಲ್ಲಿ 2000ದಿಂದ ಕೆಲಸ ಮಾಡುತ್ತಿದೆ. ವಾರಾಣಸಿಯ ಶಸ್ತ್ರಚಿಕಿತ್ಸಕ ಸುಬೋಧ್ ಕುಮಾರ್ ಸಿಂಗ್ ಅವರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಬಾಲಕಿಯೊಬ್ಬಳನ್ನು ಕುರಿತು ಮೇಗನ್ ಮೈಲನ್ ನಿರ್ದೇಶಿಸಿದ ‘ಸ್ಮೈಲ್ ಪಿಂಕಿ’ ಎಂಬ ಕಿರುಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಸೀಳುತುಟಿಗೆ ಚಿಕಿತ್ಸೆಯಿದೆ, ಅದು ಉಚಿತವಾಗಿ ಸಿಗುತ್ತದೆ ಎಂಬ ಸುದ್ದಿ ಉತ್ತರ ಭಾರತದ ಅನೇಕ ಹಳ್ಳಿಗಳಿಗೆ ತಲುಪಲು ಈ ಚಿತ್ರ ನೆರವಾಯಿತು.

ಅಸ್ಸಾಮಿನ ಉದಾಹರಣೆ ಇನ್ನೊಂದು ಬಗೆಯದು. ಅಲ್ಲಿ ಆಪರೇಷನ್ ಸ್ಮೈಲ್ ಮೊದಲು ತನ್ನ ವಾಡಿಕೆಯಂತೆ ದೊಡ್ಡ ಶಿಬಿರಗಳನ್ನೇ ನಡೆಸಿತು. ನಂತರ ರಾಜ್ಯ ಸರ್ಕಾರ ಮತ್ತು ಟಾಟಾ ದತ್ತಿಗಳ ಸಹಯೋಗದಲ್ಲಿ ಗುವಾಹಟಿಯ ಮಹೇಂದ್ರ ಮೋಹನ್ ಚೌಧರಿ ಆಸ್ಪತ್ರೆಯಲ್ಲಿ 2011ರಲ್ಲಿ ಕಾಯಂ ಚಿಕಿತ್ಸಾ ಕೇಂದ್ರವನ್ನು ತೆರೆಯಿತು. ಶಸ್ತ್ರಚಿಕಿತ್ಸೆಯ ಜೊತೆಗೆ ಪೌಷ್ಟಿಕ ಆಹಾರ, ದಂತ ಚಿಕಿತ್ಸೆ, ವಾಕ್ ಚಿಕಿತ್ಸೆಗಳು ಒಂದೇ ಸೂರಿನಡಿ ದೊರೆಯುವ ಈ ಕೇಂದ್ರ, ಶಿಬಿರವೊಂದು ಸಂಸ್ಥೆಯಾಗಿ ನೆಲೆಗೊಂಡ ಮಾದರಿಯೆಂದು ವೈದ್ಯಕೀಯ ನಿಯತಕಾಲಿಕಗಳಲ್ಲಿ ಚರ್ಚೆಗೊಳಗಾಗಿದೆ. ತಪಾಸಣೆಯಲ್ಲಿ ತೂಕ ಸಾಲದೆ ಹಿಂದಿರುಗಬೇಕಾಗಿದ್ದ ಮಗುವನ್ನು ಇಲ್ಲಿ ಆಹಾರ ಕೊಟ್ಟು ಬೆಳೆಸಿ ಮತ್ತೆ ಕರೆಯಬಹುದು.

ಕರ್ನಾಟಕದಲ್ಲಿ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ಕ್ರೇನಿಯೋಫೇಶಿಯಲ್ ಘಟಕ ಹಾಗೂ ಮಂಗಳೂರು ಬಳಿಯ ದೇರಳಕಟ್ಟೆಯಲ್ಲಿರುವ ನಿಟ್ಟೆ ಮೀನಾಕ್ಷಿ ಕ್ರೇನಿಯೋಫೇಶಿಯಲ್ ಶಸ್ತ್ರಚಿಕಿತ್ಸಾ ಸಂಸ್ಥೆಗಳಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳದ ಚಿಕಿತ್ಸೆ ಲಭ್ಯವಿದೆ. ಉಚ್ಚಾರಣೆಯ ದೋಷಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಪ್ರಮುಖ ಕೇಂದ್ರ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಗುರುತಿಸಬೇಕಾದ 30 ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳವೂ ಸೇರಿವೆ. ಹೆರಿಗೆಯಾದ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಮತ್ತು ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಇದು ಕಂಡುಬಂದರೆ ಮಗುವನ್ನು ಮುಂದಿನ ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆ ಈ ಕಾರ್ಯಕ್ರಮದಲ್ಲಿದೆ.